ಬರಿಗಾಲಿನ ದಾರಿಯಲ್ಲಿ ಬಾಟ್ಲಿಚೂರು

ಕಾರವಾರದ ಮಾಜಾಳಿಯಲ್ಲಿ ಮೀನುಗಾರರ ಮನೆಸಾಲು ಮುಗಿಯುವ ಕಡೆ ಗುಡ್ಡವೊಂದು ಕಡಲಿಗೆ ಚಾಚಿಕೊಂಡಿದೆ. ಕಾಲುದಾರಿ ಹಿಡಿದು ಆ ಗುಡ್ಡ ಹತ್ತಿ ಆಚೆ ಇಳಿದರೆ ತೀಳ್ಮಾತಿ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಕರಿ ಎಳ್ಳು ಹರವಿದ ಹಾಗೆ ಕಾಣುವ ಕಪ್ಪು ಮರಳಿನ ಪುಟ್ಟ ತೀರ ಅದು. ವಾಹನ ಹೋಗುವುದಿಲ್ಲ, ನಡೆದೇ ಹೋಗಬೇಕು. ಏಳೆಂಟು ವರ್ಷದ ಮಗು ಅಪ್ಪನ ಕೈ ಹಿಡಿದು, ನಡುನಡುವೆ ನಿಂತು ಕಡಲು ನೋಡುತ್ತ ದಾಟಬಹುದಾದ ದಾರಿ. ಇಳಿದು ಮರಳು ಕಂಡ ಕೂಡಲೇ ಮಕ್ಕಳು ಮೊದಲು ಮಾಡುವುದು ಒಂದೇ ಕೆಲಸ, ಚಪ್ಪಲಿ ಕಳಚಿ ಓಡುವುದು.

ಕಪ್ಪು ಮರಳಿನಲ್ಲಿ ಬಿಯರ್ ಬಾಟ್ಲಿಯ ಕಂದು ಚೂರು ಕಣ್ಣಿಗೆ ಬೀಳುವುದಿಲ್ಲ. ಕಾಲಿಗೆ ಸಿಕ್ಕ ಮೇಲೆಯೇ ಗೊತ್ತಾಗುವುದು.

ಕಾರವಾರ, ಅಂಕೋಲೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಭಾನುವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಕಡಲ ಬದಿಗೆ ಹೋದ ಪ್ರತಿಯೊಬ್ಬರೂ ಬಂಡೆಯ ಸಂದಿಯಲ್ಲಿ, ಗಾಳಿಮರದ ಬುಡದಲ್ಲಿ, ಹಳ್ಳ ಕಡಲು ಸೇರುವಲ್ಲಿ ಗಾಜು ಕಂಡವರೇ. ಕಂಡು, ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು, ಮುಂದೆ ಹೋದವರೇ. ಈ ಮುಂದೆ ಹೋಗುವ ರೂಢಿಯನ್ನು ಇನ್ನಾದರೂ ಬಿಡಬೇಕೆಂಬುದೇ ಇಲ್ಲಿನ ಮನವಿ.

ಕಡಲ ಬದಿಯ ಕಸದಲ್ಲಿ ಬಗೆಬಗೆಯದಿದೆ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಹರಿದ ಬಲೆ, ನದಿಗಳು ಮಳೆಗಾಲದಲ್ಲಿ ಹೊತ್ತು ತರುವ ಊರ ಕೊಳೆ. ಎಲ್ಲವೂ ಕೆಟ್ಟದ್ದೇ. ಆದರೆ ಅವುಗಳಲ್ಲಿ ಬಹುಪಾಲು ಉದಾಸೀನದ ಫಲ. ಬಿದ್ದದ್ದು, ಮರೆತದ್ದು, ತೇಲಿ ಬಂದದ್ದು. ಒಡೆದ ಬಾಟ್ಲಿಯ ಲೆಕ್ಕವೇ ಬೇರೆ. ಅದು ತಾನಾಗಿ ಒಡೆಯುವುದಿಲ್ಲ. ಕುಡಿದು ಮುಗಿಸಿದವನು ಎದ್ದು ನಿಂತು, ಬಂಡೆಗೆ ಗುರಿಯಿಟ್ಟು, ಛಿದ್ರವಾಗುವ ಸದ್ದಿನ ಖುಷಿಗಾಗಿ ಬೀಸಿ ಎಸೆಯುತ್ತಾನೆ. ನಾಳೆ ಇಲ್ಲಿ ಯಾರದೋ ಕಾಲು ಊರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಹೊರಡುವಾಗ ಅವನು ತಾನು ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಹೊರಡುತ್ತಾನೆ. ತುಂಬಿದ ಬಾಟ್ಲಿಗಳ ಚೀಲ ಹೊತ್ತು ಗುಡ್ಡ ಹತ್ತಿದ ಹೆಗಲಿಗೆ ಖಾಲಿ ಬಾಟ್ಲಿ ಹೊರೆಯಾಯಿತೆಂದರೆ ನಂಬುವವರು ಯಾರು? ಇದು ತಿಳಿಯದೆ ಮಾಡಿದ ತಪ್ಪಲ್ಲ. ಬೇಕೆಂದೇ ಮಾಡಿದ್ದು. ಕ್ಷಮೆ ಇಲ್ಲದ್ದು.

ಮಾಜಾಳಿಯ ಆಚೆಯೇ ಗೋವಾ. ಗಡಿಯಾಚೆ ಮದ್ಯ ಅಗ್ಗ. ಅದು ಈ ಕಡೆ ಬರುವುದನ್ನು ತಡೆಯಲು ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇದೆ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಚೀಟಿ ಹೊತ್ತ ಬಾಟ್ಲಿ ಈ ಕಡೆಯ ಮರಳಿನಲ್ಲಿ ಒಡೆದು ಬಿದ್ದಿದ್ದರೆ ಅದು ಹೇಗೆ ಬಂತೆಂದು ಕೇಳುವ ಅಗತ್ಯವಿಲ್ಲ. ಅದೇ ಗೋವಾ 2019ರಲ್ಲಿ ತನ್ನ ಪ್ರವಾಸಿ ತಾಣಗಳ ಕಾಯ್ದೆಗೆ ತಿದ್ದುಪಡಿ ತಂದು, ಕಡಲತೀರದಲ್ಲಿ ಕುಡಿಯುವ, ಬಾಟ್ಲಿ ಒಡೆಯುವ ಒಬ್ಬನಿಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡವೆಂದು ಬರೆದುಕೊಂಡಿತು. ಮದ್ಯ ಮಾರಿಯೇ ಹೆಸರಾದ ರಾಜ್ಯಕ್ಕೂ ಗಾಜಿನ ಚೂರು ಸಹಿಸಲಾಗಲಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲೂ ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಅಪರಾಧವೇ. ಕಾಯ್ದೆಗೆ ಬರ ಇಲ್ಲ. ಬರ ಇರುವುದು ನಾಚಿಕೆಗೆ.

ಈ ಕರಾವಳಿ ಬರಿಗಾಲಿನವರ ಕರಾವಳಿ ಎಂಬುದನ್ನು ಬಂಡೆಗೆ ಬಾಟ್ಲಿ ಬೀಸುವವರು ಒಂದು ಸಲ ನೆನೆಯಲಿ. ಕಾರವಾರದ ಟ್ಯಾಗೋರ್ ತೀರದಲ್ಲಿ ಏಂಡಿ ಬಲೆ ಬಿಟ್ಟ ದಿನ ಹತ್ತಾರು ಜನ ಎರಡು ಸಾಲಾಗಿ ನಿಂತು, ಹಿಮ್ಮಡಿಯನ್ನು ಮರಳಿಗೆ ಊರಿ, ಹಗ್ಗ ಎಳೆಯುತ್ತಾರೆ. ಹಿಂದೆ ಹಿಂದೆ ಹೆಜ್ಜೆ ಇಡುವ ಕೆಲಸ ಅದು. ಕಾಲಡಿ ಏನಿದೆಯೆಂದು ನೋಡಲು ಬಿಡುವಿಲ್ಲ, ಚಪ್ಪಲಿ ಮೆಟ್ಟಿದರೆ ಹಿಡಿತ ಸಿಗುವುದಿಲ್ಲ. ಕಾಳಿ, ಗಂಗಾವಳಿ ನದಿಗಳ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಚಿಪ್ಪಿಕಲ್ಲು, ಬಳಚು ಆರಿಸುವ ಹೆಂಗಸರು ಕೆಸರನ್ನು ಕಾಲಿನಿಂದಲೇ ತಡವಿ ನೋಡುತ್ತಾರೆ. ಕಾಲು ಕೊಯ್ದುಕೊಂಡರೆ ವಾರದ ದುಡಿಮೆ ಹೋಯಿತು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ಪದ್ಮಶ್ರೀ ಪಡೆಯಲು ಬರಿಗಾಲಲ್ಲೇ ನಡೆದುಹೋದದ್ದನ್ನು ಇಡೀ ದೇಶ ನೋಡಿ ಬೆರಗಾಯಿತು. ಅಷ್ಟು ಬೆರಗಾದ ಮೇಲೆ, ಅವರ ತಾಲ್ಲೂಕಿನ ಮರಳ ಮೇಲೆ ಬರಿಗಾಲು ಊರಲು ಹೆದರುವ ಹಾಗೆ ಮಾಡಿಟ್ಟಿರುವುದು ಎಂಥ ಗೌರವ!

ಮನುಷ್ಯರ ಕಾಲಷ್ಟೇ ಅಲ್ಲ. ಚಳಿಗಾಲ ಬಂತೆಂದರೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಈ ತೀರಗಳಿಗೆ ಹತ್ತಿ, ಹಿಂಗಾಲಿನಿಂದ ಮರಳು ತೋಡಿ, ನೂರರಷ್ಟು ಮೊಟ್ಟೆ ಇಟ್ಟು ಹೋಗುತ್ತವೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅದು ಮೊಟ್ಟೆಯಿಡುವ ಮರಳನ್ನು ಕರಾವಳಿ ನಿಯಂತ್ರಣ ವಲಯದ ನಿಯಮ ಅತ್ಯಂತ ಬಿಗಿಯಾದ ವರ್ಗದಲ್ಲಿ ಇಟ್ಟಿದೆ. ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಇಲಾಖೆಯವರು ಸುತ್ತ ಬೇಲಿ ಕಟ್ಟುತ್ತಾರೆ, ಒಂದೂವರೆ ಎರಡು ತಿಂಗಳು ಕಾಯುತ್ತಾರೆ. ಮರಿಗಳು ಕಡಲಿಗೆ ಹರಿಯುವುದನ್ನು ನೋಡಲು ಮಕ್ಕಳನ್ನು ಕರೆತರುವುದಕ್ಕಿಂತ ಒಳ್ಳೆಯ ಪಾಠ ಯಾವ ಶಾಲೆಯಲ್ಲಿದೆ? ಅದೇ ಮರಳಿಗೆ ಗಾಜು ಬಿತ್ತುವವರನ್ನು ಏನೆಂದು ಕರೆಯಬೇಕು?

ನಡೆಯಲು ಉಳಿದಿರುವ ಕಡಲ ಬದಿಯಾದರೂ ಎಷ್ಟು? 1986ರಲ್ಲಿ ಕಾರವಾರದಲ್ಲಿ ನೌಕಾಪಡೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟುಕೊಟ್ಟವು. ಅವುಗಳ ಜೊತೆಗೆ ಅರಗಾದ ಕಡೆಯ ಚೆಂದದ ತೀರಗಳೂ ಜನರ ಕಾಲಿಗೆ ಎಟುಕದಾದವು. ಅಂಕೋಲೆಯ ಕೇಣಿಯಲ್ಲಿ ಬೃಹತ್ ಬಂದರಿನ ಯೋಜನೆ ಬಂದು, ತಮ್ಮ ತೀರ ಕೈಬಿಟ್ಟು ಹೋದೀತೆಂದು ಮೀನುಗಾರರು 2025ರಲ್ಲಿ ಬೀದಿಗಿಳಿದರು. ಒಂದು ಹಿಡಿ ಮರಳಿಗಾಗಿ ಜನ ಹೀಗೆ ಹೋರಾಡುತ್ತಿರುವಾಗ, ಉಳಿದ ಮರಳನ್ನು ಹಾಳುಗೆಡವುವುದಕ್ಕೆ ಯಾವ ಯೋಜನೆಯೂ ಬೇಕಾಗಿಲ್ಲ. ಭಾನುವಾರದ ಒಂದು ಗುಂಪು ಸಾಕು.

ಇನ್ನೊಂದು ಸಂಗತಿ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಅಲೆಗೆ ಸಿಕ್ಕಿ ಸತ್ತ ಮೇಲೆ, ಮಕ್ಕಳನ್ನು ನೀರಿಗೆ ಬಿಡಲು ಹೆತ್ತವರು ಹೆದರುತ್ತಾರೆ. ಹೆದರಬೇಕಾದದ್ದೇ. ನೀರಿಗಿಳಿಯದೆ ಕಡಲನ್ನು ಮಕ್ಕಳಿಗೆ ತೋರಿಸುವ ಸುರಕ್ಷಿತ ದಾರಿ ಎಂದರೆ ನಡಿಗೆ: ಕಾಳಿ ಅಳಿವೆಯ ಕಡೆಯಿಂದ ಬೈತಖೋಲದತ್ತ ಮರಳಗುಂಟ, ಅಂಕೋಲೆಯ ನದಿಬಾಗದಲ್ಲಿ ಸಂಜೆಯ ಹೊತ್ತು, ಮಾಜಾಳಿಯ ಗುಡ್ಡದ ಮೇಲೆ. ಆ ಒಂದು ದಾರಿಯಲ್ಲೂ ಗಾಜು. ತೀಳ್ಮಾತಿಯಲ್ಲಿ ಮಗುವಿನ ಕಾಲು ಸೀಳಿದರೆ ಹೆಗಲ ಮೇಲೆ ಹೊತ್ತು ಗುಡ್ಡ ದಾಟಬೇಕು. ಆಮೇಲೆ ಹೆದ್ದಾರಿ; ಆಮೇಲೆ ಕಾಳಿ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ನದಿಗೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳಿಗೆ ಹೊಸ ಸೇತುವೆಯೊಂದೇ ಗತಿಯಾಯಿತು. ಅದನ್ನು ದಾಟಿ ಕಾರವಾರದ ಆಸ್ಪತ್ರೆ ಮುಟ್ಟಿ, ಹೊಲಿಗೆ ಹಾಕಿಸಿ, ಧನುರ್ವಾಯು ಚುಚ್ಚುಮದ್ದು ಕೊಡಿಸುವ ತನಕ ಆ ತಾಯಿಯ ಹೊಟ್ಟೆಯುರಿ ಯಾರ ಲೆಕ್ಕಕ್ಕೆ?

ಬೇರೆ ಕಡೆ ಹೀಗಿಲ್ಲವೆಂದಲ್ಲ; ಆದರೆ ಮಾಡಿ ತೋರಿಸಿದವರಿದ್ದಾರೆ. ಫ್ರಾನ್ಸಿನ ಮಾರ್ಸೇ ನಗರದ ಪಕ್ಕ ಮೆಡಿಟರೇನಿಯನ್ ಕಡಲಿಗೆ ಚಾಚಿದ ಸುಣ್ಣಕಲ್ಲಿನ ಗುಡ್ಡಗಳನ್ನು 2012ರಲ್ಲಿ ಕಲಾಂಕ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಕುಟುಂಬಗಳು ಮಕ್ಕಳೊಡನೆ ನಡೆಯುವ ಜಾಗ. ಸುಜಿಟೋನ್ ಎಂಬ ಸಣ್ಣ ಕೊಲ್ಲಿಗೆ ಜನ ಮುಗಿಬಿದ್ದು ಮಣ್ಣು ಸವೆಯತೊಡಗಿದಾಗ, 2022ರ ಬೇಸಿಗೆಯಿಂದ ದಿನಕ್ಕೆ 400 ಜನರಿಗೆ ಮಾತ್ರ, ಅದೂ ಮೊದಲೇ ಹೆಸರು ಬರೆಸಿದವರಿಗೆ, ಎಂದು ಕಟ್ಟುಮಾಡಿದರು. ಅಷ್ಟು ದೂರ ಯಾಕೆ, ನೀಲಗಿರಿಯನ್ನೇ ನೋಡಲಿ. ಕಾಡಿನಲ್ಲಿ ಎಸೆದ ಮದ್ಯದ ಬಾಟ್ಲಿಗಳು ಆನೆಗಳ ಕಾಲು ಸೀಳುತ್ತಿವೆ ಎಂಬ ದೂರನ್ನು ಮದ್ರಾಸ್ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. 2022ರಿಂದ ಅಲ್ಲಿ ಪ್ರತಿ ಬಾಟ್ಲಿಗೆ 10 ರೂಪಾಯಿ ಹೆಚ್ಚು ವಸೂಲಿ ಮಾಡಿ, ಖಾಲಿ ಬಾಟ್ಲಿ ಮರಳಿಸಿದವರಿಗೆ ಆ ಹತ್ತು ರೂಪಾಯಿ ವಾಪಸ್ ಕೊಡುತ್ತಾರೆ. ಬಾಟ್ಲಿಗಳು ಅಂಗಡಿಗೆ ಮರಳಿ ಬರತೊಡಗಿದವು. ಆನೆಯ ಪಾದಕ್ಕೆ ಸಿಕ್ಕ ನ್ಯಾಯ ಕಾರವಾರದ ಮಗುವಿನ ಪಾದಕ್ಕೆ ಸಿಗಬಾರದೇ?

ಉತ್ತರ ಕನ್ನಡದ ಕರಾವಳಿಯ ತಾಲ್ಲೂಕುಗಳಲ್ಲಿ ಇಂಥದೇ ಠೇವಣಿ ಬರಲಿ. ಗುಡ್ಡದ ಬುಡದಲ್ಲಿ ಚೀಲ ನೋಡಿ ಬಿಡುವ ಒಬ್ಬ ಕಾವಲುಗಾರ ವಾರದ ಕೊನೆಯ ಎರಡು ದಿನವಾದರೂ ನಿಲ್ಲಲಿ. ಇದಕ್ಕಿಂತ ದೊಡ್ಡ ಯೋಜನೆ ಬೇಕಾಗಿಲ್ಲ, ಕೋಟಿಗಳ ಟೆಂಡರ್ ಬೇಕಾಗಿಲ್ಲ. ಆದರೆ ಅದು ಬರುವ ತನಕ ಸುಮ್ಮನಿರಲು ಯಾರಿಗೂ ಹಕ್ಕಿಲ್ಲ. ಕಾರವಾರದ ಪಹರೆ ವೇದಿಕೆಯಂಥವರು ವಾರವಾರ ಪೊರಕೆ ಹಿಡಿದು ಹೊರಡುತ್ತಾರೆ. ಅವರು ಗುಡಿಸುತ್ತಾರೆಂದು ಉಳಿದವರು ಒಡೆಯುತ್ತ ಹೋಗುವುದು ಎಂಥ ನೀತಿ? ಗುಂಪಿನಲ್ಲಿ ಒಬ್ಬ ಬಾಟ್ಲಿ ಎತ್ತಿದಾಗ ಪಕ್ಕದವನು ಕೈ ಹಿಡಿಯದಿದ್ದರೆ ಅವನೂ ಒಡೆದವನೇ. ಮನೆಯಲ್ಲಿ ಮಗನ ಬೈಕಿನ ಚೀಲ ಎಷ್ಟು ಭಾರವಾಗಿ ಹೊರಟಿತು, ಎಷ್ಟು ಹಗುರಾಗಿ ಬಂತು ಎಂದು ನೋಡಿಯೂ ಕೇಳದ ಅಪ್ಪನೂ ಅಷ್ಟೇ.

ಮಳೆ ನಿಂತಿತೆಂದರೆ ಗುಡ್ಡದ ದಾರಿ ಒಣಗುತ್ತದೆ. ಡಿಸೆಂಬರ್‌ನಲ್ಲಿ ಬಯಲುಸೀಮೆಯ ಶಾಲೆಗಳ ಬಸ್ಸುಗಳು ಬರುತ್ತವೆ. ಕಡಲನ್ನು ಹುಟ್ಟಿದಾಗಿನಿಂದ ಕಾಣದ ಮಕ್ಕಳು ಇಳಿದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತವೆ. ಅಷ್ಟರೊಳಗೆ, ಕಡಲ ಬದಿಗೆ ಹೋಗುವ ಒಬ್ಬೊಬ್ಬರೂ ಒಂದು ದಪ್ಪ ಗೋಣಿಚೀಲ, ಒಂದು ಜೊತೆ ಕೈಗವಸು ಒಯ್ಯಲಿ. ತೀಳ್ಮಾತಿಯ ಕಪ್ಪು ಮರಳಿನಿಂದ ಶುರುವಾಗಲಿ. ಗಾಜು ಕಾಣದ ಜಾಗ ಅದೇ ಆದ್ದರಿಂದ, ಅಲ್ಲಿ ಕೂತು, ಬೆರಳಾಡಿಸಿ ಹುಡುಕಬೇಕಾಗುತ್ತದೆ.