ಅಪ್ಪ ಯಾಕೆ ಕೂಗಿ ಮಾತಾಡ್ತಾನೆ



ಹಾಸ್ಟೆಲಿನಲ್ಲಿದ್ದಾಗ ಅಪ್ಪನ ಫೋನ್ ಬಂದರೆ ನಾನು ರೂಮಿನಿಂದ ಹೊರಕ್ಕೆ ಓಡ್ತಿದ್ದೆ. ಅಪ್ಪ ಕೂಗ್ತಾನೆ, ನಾನೂ ಕೂಗಬೇಕು, ರೂಮಿನವರು ನಗ್ತಾರೆ. 'ನಿಮ್ಮಪ್ಪ ಕಿವುಡಾನಾ?' ಇಪ್ಪತ್ತು ವರ್ಷ ಜಲ್ಲಿ ಕ್ರಷರ್ ಪಕ್ಕ ನಿಂತ ಮನುಷ್ಯ ಅಂತ ಒಂದು ದಿನವೂ ಹೇಳಲಿಲ್ಲ. ಆ ನಾಚಿಕೆಗೆ ಈಗ ನಾಚಿಕೆ ಆಗ್ತದೆ.

ಅಪ್ಪನಿಗೆ ಆಗ ನಲವತ್ತೇಳು. ಮಾಲೀಕನನ್ನು ಕೇಳಿದರೆ, 'ವಯಸ್ಸಾಯ್ತು ಕಣೋ, ಹಬ್ಬದಲ್ಲಿ ತಮಟೆ ಬೇರೆ ಬಡೀತೀಯ' ಅಂದನಂತೆ. ಹಬ್ಬ ವರ್ಷಕ್ಕೊಂದು. ಕ್ರಷರ್ ದಿನಕ್ಕೆ ಹತ್ತು ಗಂಟೆ!

ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಜೀವಕೋಶಗಳಿವೆ. ದಿನಾ ಗದ್ದಲ ಬಡಿದರೆ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದು. ಅದಕ್ಕೇ ಅಪ್ಪನಿಗೆ ದನಿ ಕೇಳಿಸ್ತದೆ, ಮಾತು ತಿಳಿಯಲ್ಲ. ಸ, ಶ ಥರದ ಅಕ್ಷರ ಜಾರಿಹೋಗ್ತವೆ. ವಯಸ್ಸೂ ಕಿವಿಯನ್ನು ತಿನ್ನುತ್ತದೆ, ಸುಳ್ಳಲ್ಲ. ಆದರೆ ಕಿವಿ ಪರೀಕ್ಷೆಯ ನಕ್ಷೆಯಲ್ಲಿ ವಯಸ್ಸಿನ ಗೆರೆ ಇಳಿಜಾರಾಗಿ ಇಳೀತಾ ಹೋಗ್ತದೆ. ಗದ್ದಲದ ಗೆರೆ ಸಾಮಾನ್ಯವಾಗಿ 4000ದ ಹತ್ತಿರ ಗುಂಡಿ ಬಿದ್ದು, 8000ಕ್ಕೆ ಸ್ವಲ್ಪ ಮೇಲೇಳ್ತದೆ. ಮುದುಕನಾಗುವ ತನಕ ಕಾದರೆ ಎರಡೂ ಸೇರಿ ಗುಂಡಿಯೇ ಮುಚ್ಚಿಹೋಗ್ತದೆ. ಮಾಲೀಕನಿಗೆ ಬೇಕಾದದ್ದೂ ಅದೇ.

ಸರ್ಕಾರಕ್ಕೂ ಅವಸರ ಇರಲಿಲ್ಲ. ಗಣಿಗಳಲ್ಲಿ ಸಿಲಿಕೋಸಿಸ್ ಬಂದರೆ ವರದಿ ಮಾಡಲೇಬೇಕು ಅಂತ 1952ರಲ್ಲೇ ಆಯ್ತು. ಗದ್ದಲದ ಕಿವುಡು ಆ ಪಟ್ಟಿಗೆ ಬಂದದ್ದು 2011ರಲ್ಲಿ. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತ್ತು. ಅಲ್ಲಿ ಪಾತಾಳಕ್ಕಿಳಿದು ಬಂಡೆ ಕೊರೆದವರಲ್ಲಿ ಬಹುಪಾಲು ತಮಿಳು ಮಾತಾಡುವ ನಮ್ಮ ದಲಿತ ಜನ. ಅವರ ಕಿವಿ ಪಟ್ಟಿಗೆ ಬರುವ ಹೊತ್ತಿಗೆ ಗಣಿಯೇ ಇರಲಿಲ್ಲ.

ಪರಿಹಾರದ ಕಾನೂನು ಇಲ್ಲ ಅಂತಲ್ಲ. ಗದ್ದಲದಿಂದಾದ ಕಿವುಡು ಕಸುಬಿನ ರೋಗ ಅಂತ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇದೆ. ಆದರೆ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಅಪ್ಪನ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲ.

ಓದಿದವರು ನಾವು ಮಾಡಬೇಕಾದ್ದು ಇಲ್ಲಿದೆ. ರಜೆಗೆ ಊರಿಗೆ ಹೋದಾಗ ಅಪ್ಪನನ್ನೋ, ಮಗ್ಗದ ಶೆಡ್ಡಿನಲ್ಲಿ ದುಡಿಯೋ ಅಕ್ಕನನ್ನೋ ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಕರಕೊಂಡು ಹೋಗಿ. ಎಲ್ಲಿ, ಎಷ್ಟು ವರ್ಷ, ಯಾವ ಯಂತ್ರದ ಮುಂದೆ ಅನ್ನೋದನ್ನ ಡಾಕ್ಟರ ಚೀಟಿಯಲ್ಲೇ ಬರೆಸಿ. ನಕ್ಷೆಯ ಕಾಗದ ಇಸಕೊಂಡು ಬನ್ನಿ. ನಾನು ನಮ್ಮಪ್ಪನದು ಮಾಡಿಸಿದ್ದು ಅವನಿಗೆ ಐವತ್ತೆಂಟಾದ ಮೇಲೆ. ಗುಂಡಿ ಕಾಣಲಿಲ್ಲ.