ಗೃಹಲಕ್ಷ್ಮಿ ದುಡ್ಡಿಗೆ ಒಂದು ತಾರೀಖು ಬೇಕು

ದಿಬ್ಬೂರಹಳ್ಳಿ ಸುತ್ತಮುತ್ತ ಈಗ ಹೆಂಗಸರು ಎದುರಾದರೆ ಮೊದಲು ಕೇಳುವುದು ‘ಊಟ ಆಯ್ತಾ’ ಅಂತಲ್ಲ, ‘ದುಡ್ಡು ಬಿತ್ತಾ’ ಅಂತ. ತೆಲುಗು ಮಾತಾಡುವ ಮನೆಯವರಾದರೆ ‘ಡಬ್ಬುಲು ಪಡ್ಡಾಯಾ’. ಯಾವ ದುಡ್ಡು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಪಕ್ಕದ ಊರಲ್ಲಿ ಬಿದ್ದಿದೆಯಂತೆ ಅನ್ನುವ ಸುದ್ದಿ ಬಂದರೆ ಸಾಕು, ಮಾರನೇ ದಿನ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದ ಸಾಲು. ಎಂಟ್ರಿ ಮಾಡಿಸಿದರೆ ಏನೂ ಇಲ್ಲ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಶಕ್ತಿ ಯೋಜನೆ ಇದೆ. ಆದರೆ ಅವತ್ತಿನ ಕೂಲಿ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ?

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಹೆಸರಿರುವ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಈ ದುಡ್ಡು ಸರಿಯೋ ತಪ್ಪೋ, ಬಿಟ್ಟಿಯೋ ಹಕ್ಕೋ ಅಂತ ಟಿವಿಯಲ್ಲಿ ಬೇಕಾದಷ್ಟು ಜಗಳ ಆಗಿದೆ. ಮೊತ್ತ ಜಾಸ್ತಿ ಮಾಡಿ ಅನ್ನುವವರೂ ಇದ್ದಾರೆ. ನಾವು ಕೇಳುವುದು ಇನ್ನೊಂದು: ಈ ದುಡ್ಡು ಬರುವುದಕ್ಕೆ ಒಂದು ತಾರೀಖು ಗೊತ್ತುಮಾಡಿ. ತಾರೀಖಿಲ್ಲದ 2,000ಕ್ಕೂ ತಾರೀಖಿರುವ 2,000ಕ್ಕೂ ಬಡವರ ಮನೆಯಲ್ಲಿ ಬಹಳ ವ್ಯತ್ಯಾಸವಿದೆ.

‘ಎರಡು ಸಾವಿರ ಬಂದಮೇಲೆ ಕೂಲಿಗೆ ಯಾರೂ ಬರುತ್ತಿಲ್ಲ’ ಅನ್ನುವ ಮಾತು ತೋಟ ಇರುವವರ ಬಾಯಲ್ಲಿ ದಿನಾ ಕೇಳುತ್ತೇವೆ. ಲೆಕ್ಕ ಹಾಕಿ ನೋಡೋಣ. 2,000ವನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಯಾರು ತಾನೇ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ? ಯೋಜನೆ ಶುರುವಾದ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ 316 ರೂಪಾಯಿ ಇತ್ತು, ಅಂದರೆ 2,000 ಆರು ದಿನದ ಕೂಲಿಗಿಂತ ಸ್ವಲ್ಪ ಮೇಲೆ. 2025-26ರಲ್ಲಿ ಕೂಲಿ 370 ಆಯಿತು. ಈಗ ಅದೇ 2,000 ಐದೂವರೆ ದಿನದ ಕೂಲಿಗೂ ಸಾಲದು. ಕೂಲಿಯವರು ಸಿಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕು, ಅದನ್ನು ಇನ್ನೊಂದು ದಿನ ಬರೆಯುತ್ತೇವೆ.

ನಮ್ಮ ಕಡೆ ಕೂಲಿ ಮನೆಯ ವರಮಾನ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಈ ದುಡ್ಡಿನ ಬೆಲೆ ಗೊತ್ತು. ಸ್ವಂತ ಹಿಪ್ಪುನೇರಳೆ ತೋಟ ಇಲ್ಲದವರು ಬೇರೆಯವರ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಾರೆ. ಹುಳು ಹಣ್ಣಾದಾಗ, ಗೂಡು ಬಿಡಿಸುವಾಗ ನಾಲ್ಕು ದಿನ ಕೈತುಂಬಾ ಕೆಲಸ. ಅದಾದ ಮೇಲೆ ಮುಂದಿನ ಬೆಳೆಯವರೆಗೆ ಖಾಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಿದ್ದರೆ ತೋಟದವರು ಕೂಲಿ ಕೊಡುವುದನ್ನೂ ಮುಂದಕ್ಕೆ ಹಾಕುತ್ತಾರೆ. ಮಳೆ ಕೈಕೊಟ್ಟರೆ ರಾಗಿ ಕಳೆ ಕೀಳುವ ಕೆಲಸವೂ ಇಲ್ಲ. ಇಂಥ ಏರಿಳಿತದ ಮನೆಗೆ ತಿಂಗಳಿಗೊಂದು ಸಲ ತಪ್ಪದೆ ಬರುವ ದುಡ್ಡು ಅಂದರೆ, ಮೊತ್ತ ಸಣ್ಣದಾದರೂ, ಅದರ ಮೇಲೆ ಮಿಕ್ಕಿದ್ದನ್ನೆಲ್ಲ ಕಟ್ಟಬಹುದು. ಗ್ಯಾಸ್ ಸಿಲಿಂಡರ್, ಅತ್ತೆಯ ಬಿಪಿ ಮಾತ್ರೆ, ಮಗಳ ಕಾಲೇಜು ಫೀಸು, ಒಂದು ಸಣ್ಣ ಚೀಟಿ. ಎಷ್ಟೋ ಹೆಂಗಸರು ಇದನ್ನು ನಂಬಿ ಚೀಟಿ ಹಾಕಿದ್ದಾರೆ.

ನಂಬಿದ್ದೇ ಕಷ್ಟಕ್ಕೆ ಬಂತು. ಚೀಟಿಗೆ ತಾರೀಖಿದೆ. ಫೀಸಿಗೆ ತಾರೀಖಿದೆ. ಸಂಘದ ಸಾಲದ ಕಂತಿಗಂತೂ ವಾರ, ಗಂಟೆ ಎಲ್ಲ ಇದೆ. ಬೆಳಗ್ಗೆಯೇ ಬೈಕಿನಲ್ಲಿ ಬಂದು ಕೂರುತ್ತಾರೆ, ಒಬ್ಬರು ಕಟ್ಟದಿದ್ದರೆ ಗುಂಪಿನ ಮಿಕ್ಕವರನ್ನೂ ಏಳಲು ಬಿಡುವುದಿಲ್ಲ. ಈ ವಸೂಲಿಯ ಕಾಟ ಎಷ್ಟರ ಮಟ್ಟಿಗೆ ಹೋಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಕೈಯಲ್ಲಿ ಕಾನೂನು ತಂದ ಅದೇ ಸರ್ಕಾರ ಇನ್ನೊಂದು ಕೈಯಲ್ಲಿ ಕೊಡುವ ದುಡ್ಡನ್ನು ತಿಂಗಳುಗಟ್ಟಲೆ ತಡ ಮಾಡಿದರೆ ಏನಾಗುತ್ತದೆ? ಚೀಟಿ ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಇನ್ನೊಂದು ಸಂಘ. ಕೊನೆಗೆ ಎರಡು ಕಂತು ಒಟ್ಟಿಗೆ ಬಿದ್ದರೂ ಅದರಲ್ಲಿ ಒಂದು ಪಾಲು ಬಡ್ಡಿಗೆ ಹೋಗಿರುತ್ತದೆ. ತಡವಾಗಿ ಬಂದ 4,000 ಸರಿಯಾದ ಹೊತ್ತಿಗೆ ಬಂದ ಎರಡು 2,000ಕ್ಕೆ ಸಮ ಅಲ್ಲ.

ಹಸು ಕಟ್ಟಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಅಂಗಡಿಯವನು ಅದನ್ನು ನಂಬಿ ಸಾಲ ಬರೆದುಕೊಳ್ಳುತ್ತಾನೆ, ಹಿಂಡಿ ಬೂಸಾ ಅದರಲ್ಲೇ ಮುರಿದುಕೊಳ್ಳುತ್ತಾರೆ. ಅದೇ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಅದು ತಿಂಗಳುಗಟ್ಟಲೆ ಬಾಕಿ ಉಳಿದು, ನೆನಪು ಹೋದಮೇಲೆ ಬರುತ್ತದೆ. ಒಂದೇ ಹಸು, ಒಂದೇ ಕ್ಯಾನು, ಎರಡು ದುಡ್ಡು. ಯಾವುದನ್ನು ನಂಬಿ ಸಂಸಾರ ಮಾಡುತ್ತೀರಿ ಅಂತ ಯಾರನ್ನಾದರೂ ಕೇಳಿ.

ಅನ್ನಭಾಗ್ಯದಲ್ಲೂ ಆಗಿದ್ದು ಇದೇ. 2023ರ ಜುಲೈನಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಐದು ಜನರ ಮನೆಗೆ 850. ಪುಸ್ತಕದ ಪ್ರಕಾರ ದುಡ್ಡೇ ಒಳ್ಳೆಯದು, ಮುದ್ದೆ ತಿನ್ನುವ ಮನೆ ಅದರಲ್ಲಿ ರಾಗಿ ತಂದುಕೊಳ್ಳಬಹುದು. ಆದರೂ 2025ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತೆ ಅಕ್ಕಿಗೇ ಬಂದಾಗ ‘ಇದೇ ವಾಸಿ’ ಅಂದ ಹೆಂಗಸರು ನಮಗೆ ಸಿಕ್ಕಿದ್ದಾರೆ. ಅವರಿಗೆ ದುಡ್ಡಿನ ಮೇಲೆ ಕೋಪ ಇರಲಿಲ್ಲ. ಸೊಸೈಟಿ ಬಾಗಿಲು ತೆಗೆದಿದೆಯೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣುತ್ತದೆ, ಖಾತೆಯ ಬಾಗಿಲು ಕಾಣುವುದಿಲ್ಲ.

ತಾರೀಖು ಇಡುವುದು ಆಗದ ಕೆಲಸವೇ? ನಮ್ಮ ಎಷ್ಟೋ ಮನೆಗಳಿಗೆ ಆಂಧ್ರದಲ್ಲಿ ಬೀಗರಿದ್ದಾರೆ. ಅವರನ್ನು ಕೇಳಿದರೆ ಗೊತ್ತಾಗುತ್ತದೆ: ಅಲ್ಲಿ ಮುದುಕರ, ವಿಧವೆಯರ ಪಿಂಚಣಿಯನ್ನು ತಿಂಗಳ ಮೊದಲ ತಾರೀಖಿಗೆ ಸಚಿವಾಲಯದ ಸಿಬ್ಬಂದಿ ಮನೆ ಬಾಗಿಲಿಗೇ ತಂದುಕೊಡುತ್ತಾರೆ. 2024ರ ಜುಲೈನಿಂದ ಅದು 4,000 ರೂಪಾಯಿ. ತಮಿಳುನಾಡಿನಲ್ಲಿ ಗೃಹಲಕ್ಷ್ಮಿಯಂಥದ್ದೇ ಮಗಳಿರ್ ಉರಿಮೈ ಯೋಜನೆ ನಮ್ಮದು ಶುರುವಾದ ಎರಡೇ ವಾರಕ್ಕೆ, 2023ರ ಸೆಪ್ಟೆಂಬರ್ 15ಕ್ಕೆ ಶುರುವಾಯಿತು. ಕೊಡುವುದು 1,000 ಮಾತ್ರ, ಆದರೆ ಪ್ರತಿ ತಿಂಗಳ 15ನೇ ತಾರೀಖು ಅಂತ ಗೊತ್ತುಮಾಡಿದ್ದಾರೆ. ದೂರದ ಬ್ರೆಜಿಲ್ ದೇಶದಲ್ಲಿ 2003ರಿಂದ ಬೋಲ್ಸಾ ಫಮೀಲಿಯಾ ಅನ್ನುವ ಯೋಜನೆ ಇದೆ, ಅಲ್ಲೂ ದುಡ್ಡು ಹೆಚ್ಚಾಗಿ ತಾಯಿಯ ಹೆಸರಿಗೇ. ಕಾರ್ಡಿನ ಕೊನೆಯ ಅಂಕಿ ಯಾವುದೋ ಅದರ ಪ್ರಕಾರ ತಿಂಗಳ ಕೊನೆಯ ಹತ್ತು ಕೆಲಸದ ದಿನಗಳಲ್ಲಿ ಹಂಚುತ್ತಾರೆ. ವರ್ಷದ ಕ್ಯಾಲೆಂಡರನ್ನು ಮೊದಲೇ ಅಚ್ಚು ಹಾಕಿಬಿಡುತ್ತಾರೆ. ಎಲ್ಲರಿಗೂ ಒಂದೇ ದಿನ ಹಾಕಲು ಆಗುವುದಿಲ್ಲ ಅನ್ನುವುದಾದರೆ ನಮ್ಮಲ್ಲೂ ಹೀಗೆ ಮಾಡಬಹುದು.

ದುಡ್ಡಿಲ್ಲ ಅನ್ನುವಂತಿಲ್ಲ. 2025-26ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ ರೂಪಾಯಿ ಇಟ್ಟಿದ್ದಾರೆ. ಭಾಗಿಸಿ ನೋಡಿದರೆ 1 ಕೋಟಿ 19 ಲಕ್ಷ ಹೆಂಗಸರಿಗೆ ಹನ್ನೆರಡು ತಿಂಗಳಿಗೂ ಸರಿಹೋಗುತ್ತದೆ. ಕೆಟ್ಟಿರುವುದು ಲೆಕ್ಕ ಇಡುವ ರೀತಿ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಏನಾಯಿತು ನೆನಪಿದೆಯಲ್ಲ. ಆಗಸ್ಟ್‌ವರೆಗೆ ಕೊಟ್ಟಿದ್ದೇವೆ ಅಂತ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಹೇಳಿದ್ದರು. ಆಮೇಲೆ ಆ ವರ್ಷದ ಫೆಬ್ರುವರಿ, ಮಾರ್ಚ್ ಕಂತುಗಳೇ ಹೋಗಿಲ್ಲ ಅಂತ ಗದ್ದಲವಾಗಿ ಸದನದಲ್ಲಿ ವಿಷಾದ ಹೇಳಬೇಕಾಯಿತು. ಇಲಾಖೆಗೇ ಯಾವ ತಿಂಗಳದ್ದು ಹೋಗಿದೆ, ಯಾವುದು ಹೋಗಿಲ್ಲ ಅನ್ನುವುದು ಗೊತ್ತಾಗದಿದ್ದರೆ, ದಿಬ್ಬೂರಹಳ್ಳಿಯ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಬ್ಯಾಂಕಿನ ಮೆಸೇಜಿನಲ್ಲಿ 2,000 ಜಮಾ ಅಂತಿರುತ್ತದೆ, ಯಾವ ತಿಂಗಳ ಕಂತು ಅಂತ ಇರುವುದಿಲ್ಲ. ಅದೊಂದು ಪದ ಸೇರಿಸಲು ಎಷ್ಟು ಖರ್ಚಾದೀತು!

ತಾರೀಖು ಗೊತ್ತಾದರೆ ಗಂಡ ಅವತ್ತೇ ಕಾದು ಕೂತು ಕಿತ್ತುಕೊಳ್ಳುತ್ತಾನೆ ಅಂತ ಕೆಲವರು ಹೇಳುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಎಟಿಎಂ ಕಾರ್ಡು ಗಂಡನ ಜೇಬಲ್ಲಿರುವ ಮನೆಗಳು ನಮ್ಮಲ್ಲಿ ಇವೆ, ಯಾವತ್ತು ಬರುತ್ತದೋ ಗೊತ್ತಿಲ್ಲ ಅನ್ನುವುದೇ ಅಂಥ ಹೆಂಗಸಿಗೆ ಒಂದು ಮರೆ. ಆದರೆ ಮೆಸೇಜು ಬರುವ ಫೋನು ಯಾರ ಕೈಯಲ್ಲಿದೆ? ಬಹಳ ಮನೆಗಳಲ್ಲಿ ಗಂಡನದೋ ಮಗನದೋ ನಂಬರ್ ಕೊಟ್ಟಿರುತ್ತಾರೆ. ಅವನಿಗೆ ಮೊದಲು ಗೊತ್ತಾಗುತ್ತದೆ, ಅವಳಿಗೆ ಆಮೇಲೆ. ತಾರೀಖು ಇದ್ದರೆ ಕೊನೆಪಕ್ಷ ಇಬ್ಬರಿಗೂ ಒಟ್ಟಿಗೆ ಗೊತ್ತಿರುತ್ತದೆ.

ತಾರೀಖು ಇಡಲು ರಾಜಕಾರಣಿಗಳಿಗೆ ಯಾಕೆ ಮನಸ್ಸಿಲ್ಲ ಅನ್ನುವುದಕ್ಕೆ ನಮಗೊಂದು ಅನುಮಾನವಿದೆ. ಮೇಷ್ಟ್ರಿಗೆ ತಿಂಗಳ ಸಂಬಳ ಬಂದಾಗ ಯಾರೂ ಯಾರಿಗೂ ಕೈಮುಗಿಯುವುದಿಲ್ಲ. ಯಾವಾಗಲೋ ಬೀಳುವ ದುಡ್ಡಿಗೆ ಮಾತ್ರ ‘ನಮ್ಮ ಸರ್ಕಾರ ಹಾಕಿತು’ ಅಂತ ಹೇಳಿಕೊಳ್ಳಲು ಜಾಗವಿರುತ್ತದೆ. ಇದು ಒಂದು ಪಕ್ಷದ ಚಾಳಿಯಲ್ಲ. ನಮ್ಮ ವೃತ್ತಿಯವರದ್ದೂ ಪಾಲಿದೆ ಬಿಡಿ. ಗೃಹಲಕ್ಷ್ಮಿ ದುಡ್ಡಲ್ಲಿ ಫ್ರಿಜ್ ತಂದರು, ಊರಿಗೆ ಹೋಳಿಗೆ ಊಟ ಹಾಕಿಸಿದರು ಅಂದರೆ ಸುದ್ದಿ. ಮೂರು ವಾರ ತಡವಾಗಿದ್ದಕ್ಕೆ ಚೀಟಿ ಮುರಿಯಿತು ಅಂದರೆ ಡೆಸ್ಕಿನಲ್ಲಿ ಎತ್ತಿಡುತ್ತಾರೆ.

ಮಧ್ಯೆ ಒಂದು ಮಾತು. ಪಕ್ಕದ ಮನೆಗೆಲ್ಲ ಬಂದು ನಿಮಗೊಬ್ಬರಿಗೇ ಬರುತ್ತಿಲ್ಲ ಅಂದರೆ ಅದು ತಡದ ಸಮಸ್ಯೆ ಇರಲಾರದು. ದುಡ್ಡು ಹೋಗುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ಸಂಘದವರು, ಏಜೆಂಟರು ಹೊಸ ಖಾತೆ ಮಾಡಿಸಿದ್ದರೆ ಅದರಲ್ಲಿ ಬಿದ್ದಿರಬಹುದು. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಎಲ್ಲಿದೆ ಅಂತ ಕೇಳಿ. ಮಗ ಜಿಎಸ್‌ಟಿ ಮಾಡಿಸಿದ್ದಕ್ಕೆ ಹೆಸರು ಬಿಟ್ಟುಹೋದವರು ಶಿಡ್ಲಘಟ್ಟದ ಸಿಡಿಪಿಒ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ತಾಲ್ಲೂಕಿಗೊಂದು ಗ್ಯಾರಂಟಿ ಅನುಷ್ಠಾನ ಸಮಿತಿ ಅಂತ ಮಾಡಿದ್ದಾರೆ. ಎಷ್ಟು ಜನಕ್ಕೆ ಕೊಟ್ಟೆವು ಅನ್ನುವ ಲೆಕ್ಕ ಅಲ್ಲಿ ಓದುತ್ತಾರೆ. ಯಾವ ತಾರೀಖಿಗೆ ಕೊಟ್ಟಿರಿ ಅಂತ ಯಾರಾದರೂ ಅಲ್ಲಿ ಕೇಳಬೇಕು, ಗ್ರಾಮಸಭೆಯಲ್ಲೂ ಕೇಳಬೇಕು. ಬರೀ ಬಾಯಲ್ಲಿ ಕೇಳಿದರೆ ‘ತಾಂತ್ರಿಕ ಸಮಸ್ಯೆ’ ಅಂತ ಹೇಳಿ ಕಳಿಸುತ್ತಾರೆ, ಅದಕ್ಕೆ ಕೈಯಲ್ಲಿ ಕಾಗದ ಇರಲಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕಳೆದ ಆರು ಸಲ ದುಡ್ಡು ಬಿದ್ದ ತಾರೀಖುಗಳನ್ನು ಊರಿನ ಹೆಸರಿನ ಜೊತೆ ನಮಗೆ ಬರೆದು ಕಳಿಸಿ. ಖಾತೆ ನಂಬರ್ ಬೇಡ, ಆಧಾರ್ ಬೇಡ, ಪಾಸ್‌ಬುಕ್ ಫೋಟೋ ಖಂಡಿತ ಬೇಡ. ಬಂದದ್ದನ್ನೆಲ್ಲ ಊರುವಾರು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ, ಸಭೆಗೆ ಹೋಗುವವರು ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಬಹುದು.