ನಕ್ಷತ್ರಿಕನ ಬ್ಯಾಟಿಂಗ್

ಮೊನ್ನೆ ರಾತ್ರಿ ಪಾಳಿಯಲ್ಲಿ ಕ್ರೀಡಾಪುಟ ತಿದ್ದುತ್ತಿದ್ದೆ. ಇಂಗ್ಲಿಷಿನಲ್ಲಿ ಬಂದ ಪಂದ್ಯದ ವರದಿಯನ್ನು ಹೊಸ ಹುಡುಗ ಕಂಪ್ಯೂಟರಿಗೇ ಕೊಟ್ಟು ಕನ್ನಡ ಮಾಡಿಸಿದ್ದ. ಮೊದಲ ಸಾಲಿನಲ್ಲೇ ‘ನಾಕ್ಷತ್ರಿಕ ಪ್ರದರ್ಶನ’. ಮೂಲದಲ್ಲಿ ಇದ್ದದ್ದು ‘ಸ್ಟೆಲ್ಲರ್’.

“ಸರಿಯಾಗೇ ಇದೆಯಲ್ಲ ಸಾರ್?” ಅಂದ.

ಲ್ಯಾಟಿನ್ನಿನಲ್ಲಿ ‘ಸ್ಟೆಲ್ಲಾ’ ಅಂದರೆ ನಕ್ಷತ್ರ, ನಿಜ. ಖಗೋಳ ವಿಜ್ಞಾನಿಗಳಿಗೆ ‘ಸ್ಟೆಲ್ಲರ್’ ಇವತ್ತಿಗೂ ಬರೀ ನಕ್ಷತ್ರಕ್ಕೆ ಸಂಬಂಧಪಟ್ಟದ್ದು, ಅದರಲ್ಲಿ ಹೊಗಳಿಕೆಯಿಲ್ಲ. ಹೊಗಳುವಂಥದ್ದೂ ಕಡಿಮೆಯೇ ಅನ್ನಿ. ನಮ್ಮ ಕ್ಷೀರಪಥದ ನಕ್ಷತ್ರಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಮಂಕು ಕೆಂಪು ಕುಬ್ಜಗಳು. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ಪ್ರಾಕ್ಸಿಮಾ ಸೆಂಟಾರಿಯೂ ಅದೇ ಜಾತಿ, ಬರೀ 4.24 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಬರಿಗಣ್ಣಿಗೆ ಕಾಣದು. ಆದರೆ ಕ್ರಿಕೆಟ್ ವರದಿಗೂ ಕಂಪನಿಗಳ ಲಾಭದ ಸುದ್ದಿಗೂ ಬರುವ ‘ಸ್ಟೆಲ್ಲರ್’ನಲ್ಲಿ ನಕ್ಷತ್ರ ಯಾವತ್ತೋ ಉದುರಿಹೋಗಿ ‘ಭರ್ಜರಿ’ಯಷ್ಟೇ ಉಳಿದಿದೆ. ಉದುರಿದ್ದನ್ನು ನಾವ್ಯಾಕೆ ಹೆಕ್ಕಿ ತರಬೇಕು?

ನಮ್ಮ ನಕ್ಷತ್ರಗಳಿಗೆ ಬೇರೆ ಕೆಲಸವಿದೆ. ಜೂನ್ 22ರ ಸುಮಾರಿಗೆ ನಮ್ಮಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು “ಆರಿದ್ರೆ ಹುಟ್ಟಿತು” ಅನ್ನುತ್ತಿದ್ದರು. ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು, ಹದಿನಾಲ್ಕು ದಿನ ಬೀಳುವುದೆಲ್ಲ ಆರಿದ್ರಾ ಮಳೆ. ನಮ್ಮ ಮನೆಯಲ್ಲಿ ನಕ್ಷತ್ರದ ಹೆಸರು ಬಂತೆಂದರೆ ಒಂದೋ ಬಿತ್ತನೆ ಮಾತು, ಇಲ್ಲವೇ ಮದುವೆ ಮಾತು. ಯಾರ ಬ್ಯಾಟಿಂಗನ್ನೂ ಯಾರೂ ಅದಕ್ಕೆ ಹೋಲಿಸಿದ್ದಿಲ್ಲ.

ಇನ್ನೊಂದು ತೊಡಕಿದೆ. ‘ನಾಕ್ಷತ್ರಿಕ’ದ ದೀರ್ಘ ಹಾರಿಹೋದರೆ ‘ನಕ್ಷತ್ರಿಕ’. ವಿಶ್ವಾಮಿತ್ರನ ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನು ಹತ್ತಿ ಪೀಡಿಸಿದ ಶಿಷ್ಯ. 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ನರಸಿಂಹರಾಜು ಮಾಡಿದ ಪಾತ್ರ. ಬಿಡದೆ ಕಾಡುವವನನ್ನು ಇವತ್ತಿಗೂ ‘ಒಳ್ಳೇ ನಕ್ಷತ್ರಿಕ’ ಅನ್ನುವುದುಂಟು.

ಇಷ್ಟೆಲ್ಲ ಹೇಳಿ, ‘ನಾಕ್ಷತ್ರಿಕ’ ಹೊಡೆದುಹಾಕಿ ‘ಅಮೋಘ’ ಅಂತ ಬರೆಯಲು ಹೊರಟೆ. ಅದೂ ಸವಕಲೇ. ಅಷ್ಟಕ್ಕೂ ಆ ಬ್ಯಾಟ್ಸ್‌ಮನ್ ಮಾಡಿದ್ದಾದರೂ ಏನು ಅಂತ ಕೆಳಗೆ ಓದಿದೆ: ಸೋಲುವ ಪಂದ್ಯ ಉಳಿಸಲು ದಿನವಿಡೀ ಗೂಟದಂತೆ ನಿಂತು 140 ಎಸೆತಕ್ಕೆ 31 ರನ್. ಬೌಲರ್‌ಗಳು ಏನು ಮಾಡಿದರೂ ಆಸಾಮಿ ಹೋಗಲೊಲ್ಲ.

“ಆ ದೀರ್ಘ ಒಂದು ತೆಗೆದುಬಿಡಪ್ಪಾ, ಸಾಕು” ಅಂದೆ.